ಅವಳಿಗೆ ಕೊಟ್ಟ ಹೆಸರು

ಆಗಸ್ಟ್ 29, ಗುರುವಾರ

ಬಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿದೆ. ತಮ್ಮ ಸಾರುನ್ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅಮ್ಮ ಮಾತಾಡ್ತಿಲ್ಲ, ಬಾ." ಅವಳು ನನ್ನ ಜೊತೆ ಯಾವ ಕಾಲದಲ್ಲಿ ಮಾತಾಡಿದ್ದಳು ಎಂದು ಬಾಯಿಗೆ ಬಂತು, ನುಂಗಿಕೊಂಡು ಹೊರಟೆ.

ಬಂದು ನೋಡಿದರೆ ಮುದುಕಿ ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ಮರದ ಮಂಚದ ಮೇಲೆ ಕೂತಿದ್ದಾಳೆ, ಮುಖ ದೇಗುಲದ ಕಡೆಗೆ. "ದಾವಿ ಬಂದಿದೀನಿ" ಅಂದೆ. ಕಣ್ಣು ನನ್ನ ಮೇಲೆ ಹಾದು ಹೋಯಿತು, ನಿಲ್ಲಲಿಲ್ಲ. ಜಿಲ್ಲಾಸ್ಪತ್ರೆಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಅಂದರಂತೆ. ಏನೂ ಇಲ್ಲದ್ದಕ್ಕೆ ಮೂರು ಬಣ್ಣದ ಮಾತ್ರೆ ಕೊಟ್ಟಿದ್ದಾರೆ.

ನಡೆದದ್ದನ್ನು ಸಾರುನ್ ಹೇಳಿದ. ಮಳೆಗಾಲದ ಮೊದಲ ಗಾಳಿಗೆ ಪ್ರಾಸಾತ್ ತ್ನೋತ್‌ ದೇಗುಲದ ಮೂಡಣ ಕೈಸಾಲೆಯ ಮೇಲೆ ದೊಡ್ಡ ಮರ ಬಿತ್ತು. ಮೊದಲೇ ಅರ್ಧ ಕುಸಿದಿದ್ದ ಕೈಸಾಲೆ. ಕಲ್ಲುಗಳನ್ನು ಎತ್ತಿ ಮತ್ತೆ ಜೋಡಿಸಲು ಜನ ಬಂದರು, ಅವನೂ ಆ ಕೆಲಸಕ್ಕೆ ಸೇರಿದ. ಒಂದು ದಿನ ಮೂಲೆಯ ಕಲ್ಲುಗಳ ಅಡಿಯಲ್ಲಿ ಮೂಳೆ ಸಿಕ್ಕಿತು, ಜೊತೆಗೊಂದು ಚಮಚ. ಅಮ್ಮ ಎಂದಿನಂತೆ ಅಂಗಳ ಗುಡಿಸುತ್ತಿದ್ದವಳು ಬಂದು ನೋಡಿದಳು, ಚಮಚ ಎತ್ತಿಕೊಂಡಳು, ಅಲ್ಲೇ ಕೂತಳು. ಹೊತ್ತುಕೊಂಡು ಮನೆಗೆ ತಂದರಂತೆ.

"ಚಮಚ ಎಲ್ಲಿ ಈಗ?"

"ಹೆಗಲ ಮೇಲಿನ ಕ್ರಮಾ ಬಟ್ಟೆಯ ಗಂಟಲ್ಲಿ ಕಟ್ಕೊಂಡಿದಾಳೆ. ಕಿತ್ಕೊಳ್ಳೋಕೆ ಹೋದ್ರೆ ಕಚ್ತಾಳೆ."

"ನಿನ್ನನ್ನ ಕಚ್ಚಿದ್ಲಾ?"

ತೋಳು ಚಾಚಿ ತೋರಿಸಿದ. ನಿಜವಾಗಿ ಹಲ್ಲಿನ ಗುರುತು. ನನಗೆ ನಗು ಬಂತು, ಅವನಿಗೆ ಬರಲಿಲ್ಲ.

ನಾಲ್ಕು ದಿನ ಇದ್ದು ಹೊರಡಬೇಕು. ಪ್ಚುಮ್ ಬೆನ್ ಹತ್ತಿರ ಬಂತು. ಹಿರಿಯರ ಹಬ್ಬಕ್ಕೆ ಬಿಳಿ ರವಿಕೆ ಹೊಲಿಸುವವರು ಫ್ನಾಮ್ ಪೆನ್‌ನ ನನ್ನ ಅಂಗಡಿಯ ಬಾಗಿಲಲ್ಲಿ ನಿಂತಿರುತ್ತಾರೆ.

ಆಗಸ್ಟ್ 30

ಗಂಜಿ ಬಾಯಿಗಿಟ್ಟರೆ ಗಲ್ಲದಲ್ಲಿ ಇಳಿಯುತ್ತದೆ. ಹಟ. ಇವಳ ಹಟ ನನಗೆ ಹೊಸದಲ್ಲ.

ಸೆಪ್ಟೆಂಬರ್ 1, ಭಾನುವಾರ

ಪ್ರಾಣ ಕರೆಯುವ ಶಾಸ್ತ್ರ ಆಯಿತು. ವಿಹಾರದಲ್ಲಿ ಶಾಸ್ತ್ರ ಮಾಡಿಸುವ ಆಚಾರ್ ಹೆಂಗ್ ತಾತ ಬಂದು ನಾಡಿ ನೋಡಿ, "ಮೈಯಲ್ಲಿರೋ ಹತ್ತೊಂಬತ್ತು ಪ್ರಾಣದಲ್ಲಿ ಸುಮಾರು ಹೆದರಿ ಓಡಿಹೋಗಿವೆ. ಎಲ್ಲಿ ಹೆದರಿದ್ಲೋ ಅಲ್ಲೇ ಇರ್ತವೆ. ಹೆಣ್ಣುಮಗಳೇ ಕರೀಬೇಕು" ಅಂದರು. ನಾನು ಪೇಟೆಯವಳು, ನನಗೆ ಇದೆಲ್ಲ ಬರೋದಿಲ್ಲ ಅಂದೆ. "ಅಮ್ಮನ ಹೆಸರು ಕೂಗೋಕೆ ಕಾಲೇಜಿಗೆ ಹೋಗಬೇಕಾ ತಾಯಿ?" ಅಂದರು.

ಮೀನು ಗೋರುವ ಬುಟ್ಟಿಯಲ್ಲಿ ಅವಳ ರವಿಕೆ, ಒಂದು ಹಿಡಿ ಅನ್ನ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಇಟ್ಟುಕೊಂಡು ಸಂಜೆ ದೇಗುಲಕ್ಕೆ ಹೋದೆವು. ಕೈಸಾಲೆಯ ಮೂಲೆಯಲ್ಲಿ ನಿಂತು ತಾತ ಹೇಳಿಕೊಟ್ಟಂತೆ ಬುಟ್ಟಿಯನ್ನು ಗಾಳಿಯಲ್ಲಿ ಗೋರುತ್ತ ಕೂಗಿದೆ: "ಯಾನ್, ಬಾ ಯಾನ್. ಕಾಡಲ್ಲಿ ಇರಬೇಡ, ಕಲ್ಲಲ್ಲಿ ಇರಬೇಡ. ಅಲ್ಲಿ ಹುಲಿ ಇದೆ, ಅಲ್ಲಿ ಚಳಿ ಇದೆ. ಮನೇಲಿ ಅನ್ನ ಬಿಸಿಯಾಗಿದೆ, ಮಕ್ಕಳು ಕಾಯ್ತಿದಾರೆ. ಯಾನ್, ಬಾ." ದೇಗುಲ ನೋಡಲು ಬಂದಿದ್ದ ಯಾರೋ ಗಂಡಹೆಂಡತಿ ಫೋನಿನಲ್ಲಿ ವಿಡಿಯೋ ಹಿಡಿದುಕೊಂಡರು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ.

ಬುಟ್ಟಿಗೆ ಬಟ್ಟೆ ಮುಚ್ಚಿ ಮನೆಗೆ ತಂದು ಮೆಟ್ಟಿಲ ಕೆಳಗೆ ನಿಂತು "ಪ್ರಾಣ ಬಂತಾ?" ಎಂದು ಕೇಳಬೇಕು, ಮೇಲಿದ್ದವರು ಉತ್ತರ ಕೊಡಬೇಕು. ಸಾರುನ್ ಮೇಲಿಂದ "ಬಂತು, ಬಂತು" ಅಂದ. ಅವಳ ಮಣಿಕಟ್ಟಿಗೆ ಹತ್ತಿಯ ದಾರ ಕಟ್ಟಿದೆವು. ಕಟ್ಟುವಾಗಲೂ ಮುಖ ದೇಗುಲದ ಕಡೆಗೇ ಇತ್ತು. ಹತ್ತೊಂಬತ್ತರಲ್ಲಿ ಒಂದೂ ಬಂದ ಹಾಗೆ ಕಾಣಲಿಲ್ಲ.

ಸೆಪ್ಟೆಂಬರ್ 5

ಹೊರಡುವುದು ಸೋಮವಾರಕ್ಕೆ ಹೋಗಿದೆ. ಅಂಗಡಿ ಹುಡುಗಿಗೆ ಫೋನ್ ಮಾಡಿ ಬೈದೆ, ಅವಳದೇನೂ ತಪ್ಪಿರಲಿಲ್ಲ.

ಬೆಳಿಗ್ಗೆ ಸುಮ್ಮನೆ ಕೂರಲಾಗದೆ ಅಮ್ಮನ ಕಡ್ಡಿಪೊರಕೆ ತೆಗೆದುಕೊಂಡು ದೇಗುಲಕ್ಕೆ ಹೋದೆ. ಅವಳು ಗುಡಿಸದೆ ಎಲೆ ರಾಶಿ ಬಿದ್ದಿತ್ತು. ಪೊರಕೆ ಅವಳ ಬಗ್ಗಿದ ಬೆನ್ನಿನ ಅಳತೆಗೆ ಮಾಡಿದ್ದು, ನಾನೂ ಬಗ್ಗಲೇಬೇಕಾಯಿತು.

ತಲೆ ಬೋಳಿಸಿಕೊಂಡ, ಬಿಳಿ ಬಟ್ಟೆಯ ಸನ್ಯಾಸಿನಿ ತೇಪ್ ಅಜ್ಜಿ ವಿಹಾರದಿಂದ ಹೊರಟು ಬರುತ್ತಿದ್ದಳು. ನಾನು ಹುಟ್ಟುವ ಮೊದಲಿಂದ ಅಮ್ಮನನ್ನು ಬಲ್ಲವಳು.

"ಏನೇ ಫ್ನಾಮ್ ಪೆನ್ ಮೇಡಂ, ನೆಲಾನ ಗುಡಿಸ್ತಿದೀಯೋ ಗೀರ್ತಿದೀಯೋ?"

"ನೀನೇ ಗುಡಿಸಜ್ಜಿ, ಪುಣ್ಯ ಬರುತ್ತೆ."

"ಪುಣ್ಯ ನನ್ನ ಹತ್ರ ಬೇಕಾದಷ್ಟಿದೆ. ಇಲ್ಲದಿರೋದು ಸೊಂಟ."

ದೊಡ್ಡ ಗೋಪುರದ ಮುಂದೆ, ನರ್ತಕಿಯರನ್ನು ಕೆತ್ತಿದ ಗೋಡೆಯ ಕೆಳಗೆ, ಯಾತ್ರಿಕರು ಓಡಾಡುವ ಕಡೆಯೆಲ್ಲ ಪಾಚಿ ಇದೆ. ಆದರೆ ಯಾರೂ ಹೋಗದ ಮೂಡಣ ಕೈಸಾಲೆಯ ಆ ಮೂಲೆಯ ಮುಂದಿನ ಜಂಬಿಟ್ಟಿಗೆ ನೆಲ ಮಾತ್ರ ಸವೆದು ಹೊಳೆಯುತ್ತದೆ. ಇಷ್ಟು ವರ್ಷ ಇವಳು ಗುಡಿಸುತ್ತಿದ್ದದ್ದು ಯಾವುದನ್ನು?

ಸೆಪ್ಟೆಂಬರ್ 9

ಸ್ನಾನ ಮಾಡಿಸಿದೆ. ಬೆನ್ನು ಒದ್ದೆ ಮಾಡಿದರೆ ಮೂಳೆ ಎಣಿಸಬಹುದು. ಗಂಟು ಬಿಚ್ಚಿ ಚಮಚವನ್ನೂ ತೊಳೆದೆ. ಕಚ್ಚಲಿಲ್ಲ. ತೊಳೆದು ಕೊಡುವವರೆಗೂ ನನ್ನ ಕೈಯನ್ನೇ ನೋಡುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಅವಳು ನನ್ನ ಕಡೆ ನೋಡಿದ್ದು ಇದೇ ಮೊದಲು.

ಬಸ್ಸು ಇವತ್ತಿನದಾಗಿತ್ತು. ಹತ್ತಲಿಲ್ಲ.

ಸೆಪ್ಟೆಂಬರ್ 13

ದಿನಕ್ಕೆ ನಾಲ್ಕು ಗುಟುಕು ನೀರು. ಡಾಕ್ಟರು ಮತ್ತೆ ಬಂದು, "ಹೀಗೇ ಆದ್ರೆ ಹದಿನೈದು ದಿನ ಕಷ್ಟ" ಅಂದರು. ನಾನು ಗುಡಿಸಲು ಹೋದವಳು ಕೈಸಾಲೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಹುಟ್ಟಿದಾಗಿನಿಂದ ಒಂದು ಸಲವೂ ನನ್ನ ತಲೆ ಸವರದ ಹೆಂಗಸಿಗಾಗಿ ಅಳುತ್ತಿದ್ದೇನಲ್ಲ ಎಂದು ಸಿಟ್ಟೂ ಬಂತು. ಆದರೂ ಅತ್ತೆ.

ತೇಪ್ ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಎಲೆಯಡಿಕೆ ಕುಟ್ಟಿ ಬಾಯಿಗೆ ಹಾಕಿಕೊಂಡಳು.

"ನೀವು ಪ್ರಾಣ ಕರೆದ್ರಲ್ಲ, ಯಾವ ಹೆಸರಲ್ಲಿ ಕರೆದ್ರಿ?"

"ಅಮ್ಮನ ಹೆಸರಲ್ಲಿ. ಯಾನ್ ಅಂತ."

"ಹಂಗಾದ್ರೆ ಬರೋಲ್ಲ."

"ಯಾಕಜ್ಜಿ?"

"ಯಾನ್‌ನ ನಾನು ಬಲ್ಲೆ ಮಗಳೇ. ಪೊಲ್ ಪಾಟ್ ಕಾಲದಲ್ಲಿ ನಮ್ಮ ಪಕ್ಕದ ಗುಂಪಲ್ಲಿ ಮಣ್ಣು ಹೊರೋಳು. ತಾಳೆಮರ ಹತ್ತೋನ ಮಗಳು. ತಾನೂ ಹತ್ತೋಳು, ಗಂಡಸರ ಹಂಗೆ, ಬಾಯಲ್ಲಿ ಕತ್ತಿ ಕಚ್ಕೊಂಡು. ನಿಮ್ಮಮ್ಮ ಮನೆ ಏಣಿ ಹತ್ತೋಕೆ ನಡುಗ್ತಾಳೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅಮ್ಮ ಯಾನ್ ಅಲ್ಲ ಎಂದು ಅರ್ಥವಾದ ಮೇಲೆ, "ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?" ಅಂದೆ. ಗಂಟಲು ಜೋರಾಗಿಯೇ ಇತ್ತು.

"ಆ ಕಾಲ ದಾಟಿ ಬಂದೋರೆಲ್ಲ ಏನೋ ಒಂದು ಹೆಸರು ಹಿಡ್ಕೊಂಡು ಬಂದ್ರು. ಬದುಕಿ ಬಂದ್ಲಲ್ಲ, ಅಷ್ಟು ಸಾಕು ಅಂತ ಸುಮ್ನಾದೆ. ಯಾರನ್ನ ಅಂತ ಕೇಳೋದು?"

"ಹಾಗಾದ್ರೆ ಅವಳ ಹೆಸರೇನು?"

"ಅದು ನನಗೂ ಗೊತ್ತಿಲ್ಲ. ಅವಳು ಪೇಟೆಯಿಂದ ಬಂದೋಳು. ದೂರದಿಂದ ನೋಡಿದ್ದೆ ಅಷ್ಟೆ."

ಸೆಪ್ಟೆಂಬರ್ 15, ಭಾನುವಾರ

ಹಿರಿಯರ ಪಕ್ಷ ಶುರುವಾಯಿತು. ಹಸಿದ ಪ್ರೇತಗಳಿಗೆ ಬಾಗಿಲು ತೆಗೆದಿರುವ ಹದಿನೈದು ದಿನ. ಎಲ್ಲ ಮನೆಯಲ್ಲೂ ಬಾಳೆಎಲೆಯಲ್ಲಿ ಅನ್ಸೋಮ್ ಕಡುಬು ಸುತ್ತುತ್ತಿದ್ದಾರೆ. ನಾನೂ ಅಕ್ಕಿ ನೆನೆಹಾಕಿದೆ.

ಕಡುಬು ಸುತ್ತುವಾಗ ಚಿಕ್ಕಂದಿನ ಒಂದು ಸಂಗತಿ ನೆನಪಾಯಿತು. ಪ್ರತಿ ವರ್ಷ ಮೊದಲ ಕಡುಬು, ಹೆಚ್ಚು ಹಂದಿಮಾಂಸ ಇರುವುದು, ವಾನ್ನಾರಿ ದೊಡ್ಡಮ್ಮನಿಗೆ. ವಿಹಾರದಲ್ಲಿ ಸತ್ತವರ ಹೆಸರು ಕೂಗುವಾಗ ಅಮ್ಮ ಹೇಳಿಸುತ್ತಿದ್ದ ಮೊದಲ ಹೆಸರು ಅದು, ಅಜ್ಜ ಅಜ್ಜಿಗಿಂತ ಮೊದಲು. ಆ ದೊಡ್ಡಮ್ಮನನ್ನು ಕಂಡರೆ ನನಗೂ ಸಾರುನ್‌ಗೂ ಆಗುತ್ತಿರಲಿಲ್ಲ. ಸತ್ತ ಮೇಲೂ ನಮ್ಮ ಪಾಲು ತಿನ್ನುತ್ತಾಳಲ್ಲ ಎಂದು ಬೈದುಕೊಳ್ಳುತ್ತಿದ್ದೆವು.

ಆದರೆ ದೊಡ್ಡಮ್ಮನ ಊರು ಯಾವುದು, ಹೇಗಿದ್ದಳು, ಹೇಗೆ ಸತ್ತಳು, ಒಂದೂ ಗೊತ್ತಿಲ್ಲ. ಅವಳ ಬಗ್ಗೆ ಒಂದು ಕಥೆಯನ್ನೂ ಅಮ್ಮ ಹೇಳಿದ್ದಿಲ್ಲ. ತಾಳೆಮರ ಹತ್ತುವವನ ಮನೆಯಲ್ಲಿ ಹೆಣ್ಣುಮಗಳಿಗೆ ವಾನ್ನಾರಿ ಎಂದು ಹೆಸರಿಡುತ್ತಾರೆಯೇ? ಅದು ಪೇಟೆಯ ಹೆಸರು. ಓದಿದವರು ಇಡುವ ಹೆಸರು. ಅಮ್ಮ ಪೇಟೆಯಿಂದ ಬಂದವಳು ಅಂತಲೇ ತೇಪ್ ಅಜ್ಜಿ ಹೇಳಿದ್ದು.

ಕೈಯಲ್ಲಿದ್ದ ಎಲೆ ಹರಿಯಿತು. ಅಕ್ಕಿಯೆಲ್ಲ ಮಡಿಲಿಗೆ ಬಿತ್ತು.

ಸೆಪ್ಟೆಂಬರ್ 16

ಹೆಂಗ್ ತಾತ ಬರಲು ಒಪ್ಪಲಿಲ್ಲ. "ಪಕ್ಷದಲ್ಲಿ ಪ್ರಾಣ ಕರೀಬಾರದು. ಈಗ ಬಾಗಿಲು ತೆರೆದಿದೆ ತಾಯಿ. ನೀನು ಒಬ್ಬರನ್ನ ಕರೆದ್ರೆ ಇನ್ನೊಬ್ಬರು ಕೇಳಿಸ್ಕೊಂಡು ಬರ್ತಾರೆ" ಅಂದರು. ಪಕ್ಷ ಮುಗಿಯುವವರೆಗೆ ಅಮ್ಮ ಇರುತ್ತಾಳೆ ಅನ್ನುವ ಧೈರ್ಯ ನನಗಿರಲಿಲ್ಲ. ನಾನೇ ಬುಟ್ಟಿ ಎತ್ತಿಕೊಂಡೆ. ಈ ಸಲ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗೋಣ ಅಂದೆ. ಸಾರುನ್ ಬೈದ, ಬೈಯುತ್ತಲೇ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡ.

ಕೈಸಾಲೆಯ ಮೂಲೆಯಲ್ಲಿ ಕಲ್ಲುಗಳಿಗೆ ನಂಬರ್ ಬರೆದು ಸಾಲಾಗಿ ಇಟ್ಟಿದ್ದಾರೆ. ಒಂದರ ಮೇಲೆ ಅವಳನ್ನು ಕೂರಿಸಿದೆವು. ನಾನು ಬುಟ್ಟಿ ಹಿಡಿದು ಕೂಗಿದೆ.

"ವಾನ್ನಾರಿ, ಬಾ ವಾನ್ನಾರಿ. ಕಲ್ಲಲ್ಲಿ ಇರಬೇಡ..."

"ಕೂಗಬೇಡ."

ಬಾವಿಯ ತಳದಿಂದ ಬಂದ ಹಾಗಿತ್ತು ಅಮ್ಮನ ದನಿ. ಸಾರುನ್ ಅವಳ ಕಾಲ ಬಳಿ ಕೂತ.

"ಆ ಹೆಸರು ಕೂಗಬೇಡ. ಅದು ಅವಳದ್ದು. ನಾನೇ ಕೊಟ್ಟಿದ್ದು."

ಆಮೇಲೆ ಅವಳು ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ. ನಿಂತು ನಿಂತು, ನೀರು ಕುಡಿದು ಹೇಳಿದಳು.

"ನಾನು ಮೇಷ್ಟ್ರ ಮಗಳು. ನಮ್ಮಂಥ ಓದಿದೋರನ್ನ ಒಬ್ಬೊಬ್ಬರನ್ನೇ ಕೊಲ್ಲೋಕೆ ಕರ್ಕೊಂಡು ಹೋಗ್ತಿದ್ರು. ಯಾನ್ ಹಳ್ಳಿಯೋಳು, ಅವಳಿಗೆ ಭಯ ಇರಲಿಲ್ಲ. ಅವಳ ಅಪ್ಪ ಅಮ್ಮ ಮೊದಲೇ ಹೋಗಿದ್ರು. ರಾತ್ರಿ ಮರ ಹತ್ತಿ ಸೇಂದಿ ಕದ್ದು ತಂದು ನನ್ನ ಬಾಯಿಗೆ ಹುಯ್ಯೋಳು. 'ಕುಡಿಯೇ ಮೇಷ್ಟ್ರ ಮಗಳೇ, ಇದಕ್ಕೆ ಪರೀಕ್ಷೆ ಇಲ್ಲ' ಅನ್ನೋಳು. ಅವಳಿಗೆ ಜ್ವರ ಬಂತು. ಈ ಕೈಸಾಲೇನ ಆಗ ಆಸ್ಪತ್ರೆ ಅಂತಿದ್ರು. ಔಷಧ ಇಲ್ಲ, ಏನಿಲ್ಲ. ಕಲ್ಲಿನ ಮೇಲೆ ಮಲಗಿಸಿ ಹೋಗೋರು. ಚಮಚ ಒಂದೇ ಅವಳ ಆಸ್ತಿ. ನಾನು ಪಕ್ಕದಲ್ಲಿದ್ದೆ. ಬೆಳಿಗ್ಗೆ ಹೊತ್ತಿಗೆ ಹೋದ್ಲು."

ಕ್ರಮಾದ ಗಂಟನ್ನು ಮುಟ್ಟಿ ನೋಡಿಕೊಂಡಳು.

"ಹೊಸ ಮುಖಂಡ ಬಂದಿದ್ದ. ಯಾರ ಮುಖಾನೂ ಗೊತ್ತಿರಲಿಲ್ಲ ಅವನಿಗೆ. ಸತ್ತೋಳು ಯಾರು ಅಂದ. ವಾನ್ನಾರಿ ಅಂದೆ. ನೀನ್ಯಾರು ಅಂದ. ಯಾನ್ ಅಂದೆ. ಅವಳನ್ನ ಈ ಮೂಲೇಲಿ ಮಲಗಿಸಿ ಕೈಗೆ ಬಂದಷ್ಟು ಕಲ್ಲು ಮುಚ್ಚಿದೆ. ಮಾರನೇ ದಿನ ವಾನ್ನಾರೀನ ಕರ್ಕೊಂಡು ಹೋಗೋಕೆ ಬಂದ್ರು. ಅವಳು ಸತ್ತಳಲ್ಲ ಅಂದ ಮುಖಂಡ. ಹೊರಟುಹೋದ್ರು."

ಸಾರುನ್ ಅವಳ ಪಾದ ಹಿಡಿದುಕೊಂಡ. "ಅದು ತಪ್ಪಲ್ಲಮ್ಮ. ಅವಳಿದ್ದಿದ್ರೂ ಅದೇ ಹೇಳ್ತಿದ್ಲು."

"ತಪ್ಪು ಅಂತ ನಾನೆಲ್ಲಿ ಅಂದೆ? ಅವಳು ಬಿಟ್ಟುಹೋದ ಹೆಸರನ್ನ ಉಟ್ಕೊಂಡೆ. ಆದ್ರೆ ನಾನು ಉಟ್ಕೊಂಡಿರೋವಾಗ ಅವಳಿಗೇನಿದೆ? ಬದುಕಿರೋರ ಹೆಸರನ್ನ ಸತ್ತವರ ಜೊತೆ ಕೂಗಬಾರದು. ಅದಕ್ಕೆ ನನ್ನ ಹೆಸರು ಅವಳಿಗೆ ಕೊಟ್ಟು ಅನ್ನ ಹಾಕ್ತಾ ಬಂದೆ. ಅವತ್ತು ಆ ಚಮಚ ನೋಡಿದೆ ದಾವಿ. ತಿಂದೋರ ಚಮಚ ಅಲ್ಲ ಅದು. ವಾನ್ನಾರಿ ಅಂತ ಕೂಗಿದ್ರೆ ಅದು ತನ್ನ ಊಟ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಇಷ್ಟು ವರ್ಷ ಬಂದು, ಎಲೆ ಪಕ್ಕದಲ್ಲಿ ನಿಂತು, ಹಸ್ಕೊಂಡೇ ವಾಪಸ್ ಹೋಗಿರ್ತಾಳೆ. ಅವಳು ಹಾಗೆ ಹೋಗಿರೋವಾಗ ನಾನು ಹೇಗೆ ತಿನ್ನಲಿ?"

ಬುಟ್ಟಿಯಲ್ಲಿದ್ದ ಅನ್ನ ಆರಿಹೋಗಿತ್ತು. ಹಾಗೇ ಮನೆಗೆ ತಂದೆವು. ಯಾರೂ ಪ್ರಾಣ ಬಂತಾ ಎಂದು ಕೇಳಲಿಲ್ಲ.

ಸೆಪ್ಟೆಂಬರ್ 17

ಮಾತು ಬಂದಿದೆ, ಹಸಿವು ಬಂದಿಲ್ಲ. ಯಾನ್ ಹೆಸರು ಕೂಗಿಸಿ, ಅವಳು ಉಂಡ ಮೇಲೆ ನಾನು ಉಣ್ಣುತ್ತೇನೆ ಅನ್ನುತ್ತಾಳೆ. ಅವಳ ಹಟ ಯಾವುದರದ್ದು ಎಂದು ಈಗ ಗೊತ್ತಾಗಿರುವುದರಿಂದ ಬೈಯಲೂ ಆಗುವುದಿಲ್ಲ. ಎಳನೀರು ಮಾತ್ರ ಒಪ್ಪಿಕೊಂಡಿದ್ದಾಳೆ, ಅದೂ ನಾನು ಕೈಮುಗಿದ ಮೇಲೆ.

ಸೆಪ್ಟೆಂಬರ್ 20, ಶುಕ್ರವಾರ

ಹೆಂಗ್ ತಾತನ ಜೊತೆ ಜಗಳ. ತೇಪ್ ಅಜ್ಜಿ ನನ್ನ ಪಕ್ಷ, ಸಾರುನ್ ತಾತನ ಪಕ್ಷ.

"ಊರಿಗೆಲ್ಲ ಇವಳೇ ಯಾನ್" ಅಂದರು ತಾತ. "ಸಂತೇಲಿ ಯಾನ್, ಗದ್ದೇಲಿ ಯಾನ್. ಆ ಹೆಸರನ್ನ ಸತ್ತವರ ಸಾಲಲ್ಲಿ ಕೂಗಿದ್ರೆ, ಕರಕೊಂಡು ಹೋಗೋಕೆ ಬಂದೋರು ಯಾರನ್ನ ಕರ್ಕೊಂಡು ಹೋಗ್ತಾರೆ? ಮೊದಲೇ ಅರ್ಧ ಪ್ರಾಣ."

"ಕೂಗದಿದ್ರೆ ಇನ್ನರ್ಧಾನೂ ಹೋಗುತ್ತೆ ತಾತ. ಅವಳು ತಿಂತಿಲ್ಲ."

"ಅಕ್ಕ, ನೀನು ಹಬ್ಬ ಮುಗಿಸಿ ಬಸ್ ಹತ್ತೋಳು" ಅಂದ ಸಾರುನ್. "ಏನಾದ್ರೂ ಆದ್ರೆ ಆ ಖಾಲಿ ಮಂಚ ನೋಡ್ಕೊಂಡು ಇರಬೇಕಾದೋನು ನಾನು."

ಮಾತು ನಾಟಿತು. ಯಾವ ಬಸ್ಸು ಎಂದು ಕೇಳಬೇಕೆನಿಸಿತು.

ಕೊನೆಗೆ ತೇಪ್ ಅಜ್ಜಿ ಬಾಯಿಯ ಅಡಿಕೆ ಉಗಿದು, "ಹೆಂಗ್, ನೀನೂ ನಾನೂ ಆ ಕಾಲದಲ್ಲಿ ಎಷ್ಟು ಜನಕ್ಕೆ ಹೆಸರೇ ಇಲ್ಲದೆ ಮಣ್ಣು ಮುಚ್ಚಿದೀವಿ. ಒಬ್ಬಳದಾದ್ರೂ ಸಿಕ್ಕಿದೆ. ಅದನ್ನ ಅವಳಿಗೆ ಕೊಡೋಕೂ ಹೆದರ್ತೀಯಾ?" ಅಂದಳು.

ತಾತ ಒಪ್ಪಿದರು, ಒಂದು ಷರತ್ತಿನ ಮೇಲೆ. ಹೆಸರು ಕೂಗಿದಾಗ ಅಮ್ಮ ಓಗೊಡಬಾರದು. ಓ ಅಂದರೆ, ಆ ಸಾಲಿನಲ್ಲಿ ತಾನೂ ಇದ್ದೇನೆಂದು ಒಪ್ಪಿಕೊಂಡಂತೆ. ಆಮೇಲೆ ಹಿಡಿದಿಟ್ಟುಕೊಳ್ಳಲು ಯಾವ ದಾರಕ್ಕೂ ಆಗುವುದಿಲ್ಲ.

"ಓ ಅನ್ನಲ್ಲ ಬಿಡಿ" ಅಂದಳು ಅಮ್ಮ. ಆದರೆ ಸಂಜೆ ಬೀದಿಯಿಂದ ಯಾರೋ "ಯಾನ್ ಅಕ್ಕಾ" ಎಂದು ಕರೆದಾಗ, ಮಂಚದಿಂದಲೇ "ಓ" ಅಂದಳು. ನಾನೂ ಸಾರುನ್ನೂ ಮುಖ ಮುಖ ನೋಡಿಕೊಂಡೆವು.

ಸೆಪ್ಟೆಂಬರ್ 24

ಪಕ್ಕದ ಮನೆಯ ಮಿಷನ್ನಿನಲ್ಲಿ ಅಮ್ಮನಿಗೆ ಬಿಳಿ ರವಿಕೆ ಹೊಲಿದೆ. ಈ ಹಬ್ಬಕ್ಕೆ ನಾನು ಹೊಲಿದದ್ದು ಇದೊಂದೇ. ಅಳತೆ ತೆಗೆಯುವಾಗ ಮೈ ತುಂಬ ಸಣ್ಣದಾಗಿತ್ತು, ಎರಡು ಸಲ ಹಿಡಿದು ಹೊಲಿದೆ. ಟೇಪು ಸುತ್ತುವಾಗ ಅವಳು ನನ್ನ ತಲೆ ಮೇಲೆ ಕೈ ಇಟ್ಟಳು. ಆಯ ತಪ್ಪಿತೆಂದು ಆಸರೆಗೆ ಇಟ್ಟದ್ದಿರಬೇಕು. ಆಯ ಸರಿಹೋದ ಮೇಲೂ ತೆಗೆಯಲಿಲ್ಲ.

ಅಂಗಡಿಯಿಂದ ಫೋನು ಬಂದಿತ್ತಂತೆ. ಮತ್ತೆ ಮಾಡಬೇಕು.

ಸೆಪ್ಟೆಂಬರ್ 28, ಶನಿವಾರ

ಇವತ್ತು ಪ್ಚುಮ್ ಬೆನ್. ಬೆಳಿಗ್ಗೆ ದೇಗುಲದ ಮೂಲೆ ಗುಡಿಸಿ ವಿಹಾರಕ್ಕೆ ಹೋದೆವು. ಸಾರುನ್ ಅಮ್ಮನನ್ನು ಹೊತ್ತುಕೊಂಡಿದ್ದ, ನಾನು ಊಟದ ಡಬ್ಬಿ ಹೊತ್ತುಕೊಂಡಿದ್ದೆ. ಕೈಸಾಲೆಯಲ್ಲಿ ಸಿಕ್ಕ ಮೂಳೆಗಳನ್ನು ಒಂದು ಮಡಕೆಯಲ್ಲಿಟ್ಟು ಬಿಳಿ ಬಟ್ಟೆ ಕಟ್ಟಿದ್ದರು, ಅದನ್ನು ಭಿಕ್ಷುಗಳ ಮುಂದೆ ಇಟ್ಟರು. ಅದರ ಎದುರು ಎಲೆ ಹಾಸಿ ಮೊದಲ ಕಡುಬು, ಅನ್ನ, ಮೀನಿನ ಸಾರು ಬಡಿಸಿದೆ. ಅಮ್ಮ ಕ್ರಮಾದ ಗಂಟು ಬಿಚ್ಚಿ ಚಮಚ ತೆಗೆದು ಎಲೆಯ ಬಲಗಡೆ ಇಟ್ಟಳು. ಆಮೇಲೆ ತೆಗೆದು ಎಡಗಡೆ ಇಟ್ಟಳು.

"ಅವಳು ಎಡಚಿ" ಅಂದಳು.

ಮಂಟಪ ತುಂಬ ಜನ. ಹೆಂಗ್ ತಾತ ಒಂದೊಂದು ಮನೆಯ ಸತ್ತವರ ಹೆಸರು ಕೂಗುತ್ತ ಬಂದರು. ಅವರ ದನಿ ನಮ್ಮ ಹತ್ತಿರ ಬರುತ್ತ ಬರುತ್ತ ನಿಧಾನವಾಯಿತು. ನಾನು ಅಮ್ಮನ ಎರಡೂ ಕೈ ಹಿಡಿದುಕೊಂಡೆ. ತಣ್ಣಗಿದ್ದವು.

"ತಾಳೆಮರದವರ ಮಗಳು, ಯಾನ್."

ಇಡೀ ಮಂಟಪ ತಿರುಗಿ ನಮ್ಮನ್ನು ನೋಡಿತು. ಯಾನ್ ಇಲ್ಲೇ ಕೂತಿದ್ದಾಳಲ್ಲ. ಯಾರೋ "ಅಯ್ಯೋ" ಅಂದರು. ತಾತ ಎರಡನೇ ಸಲ ಕೂಗಿದರು. "ಯಾನ್, ಬಾ. ಊಟ ನಿನ್ನದು."

ಅಮ್ಮನ ಗಂಟಲು ಅಲುಗಿತು. ನಲವತ್ತು ವರ್ಷಕ್ಕೂ ಮೇಲೆ ಗದ್ದೆಯಲ್ಲಿ, ಸಂತೆಯಲ್ಲಿ, ಹೆರಿಗೆಯ ನೋವಿನಲ್ಲೂ ಆ ಹೆಸರಿಗೆ ಓ ಅಂದ ಬಾಯಿ. ತುಟಿ ಬಿಚ್ಚಿತು. ಅವಳ ಕಣ್ಣು ಮಡಕೆಯ ಮೇಲಿತ್ತು, ಹೋಗುವುದಕ್ಕೆ ಅವಳಿಗೆ ಭಯವೇನೂ ಇರಲಿಲ್ಲ. ಭಯ ಇದ್ದದ್ದು ನನಗೆ.

ತಾಯಿಯ ಹೆಸರನ್ನು ಅವಳ ಎದುರಿಗೇ ಯಾವ ಮಗಳೂ ಕರೆಯುವುದಿಲ್ಲ. ಕಿವಿಯ ಹತ್ತಿರ ಬಾಯಿಟ್ಟು ಕರೆದೆ.

"ವಾನ್ನಾರಿ."

ಅವಳು ಮಡಕೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. ಯಾರೋ ಬಹಳ ಹಿಂದೆ ಕರೆದದ್ದು ಈಗ ಕೇಳಿಸಿದ ಹಾಗೆ ನನ್ನ ಮುಖವನ್ನೇ ನೋಡಿದಳು.

"ಓ" ಅಂದಳು.

ನಮ್ಮ ಹಿಂದೆ ಕೂತಿದ್ದ ಸಾರುನ್, ಯಾರೂ ಕೇಳದೆಯೇ, ಮೆಲ್ಲಗೆ ಹೇಳಿದ: "ಬಂತು."